ನಿಂಗಪ್ಪ ಕಳಿಸಿದ ವಿಡಿಯೊಗಳು

ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ನಮ್ಮ ಎದುರು ಮನೆಯ ನಿಂಗಪ್ಪನವರದು ಕುರಿ ಕಾಯುವ ಕೆಲಸ. ದೀಪಾವಳಿ ಕಳೆದ ಮೇಲೆ ಅಣ್ಣ ರಂಗಯ್ಯನ ಜೊತೆ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಗದ್ದೆ ಬಯಲಿಗೆ ಹೋದರೆ, ಮುಂಗಾರು ಬೀಳುವವರೆಗೆ ಊರಿಗೆ ಬರುವುದಿಲ್ಲ.

ಮಗಳು ಮಾನಸ ಹುಟ್ಟಿದ ಐದನೇ ತಿಂಗಳಿಗೇ ಹೊರಡಬೇಕಾಯಿತು. ಮಗು ತನ್ನನ್ನು ಮರೆತೀತು ಎಂಬ ಹೆದರಿಕೆಗೆ ಹೆಂಡತಿ ಏಕಾಂತಮ್ಮನಿಗೆ ಫೋನ್ ಕೊಡಿಸಿ ಹೋದರು. ಅಲ್ಲಿಂದ ದಿನವೂ ವಿಡಿಯೊ ಕಳಿಸುತ್ತಿದ್ದರು. ಅದರಲ್ಲಿ ಮಾತು ಕಡಿಮೆ. ಕುರಿ ಕಂಡರೆ ಮಗು ನಗುತ್ತದೆಂದು, ತುಟಿ ಅದುರಿಸಿ "ಟುರ್ರ್" ಎಂದು ಮಂದೆ ಕರೆಯುವುದನ್ನೇ ತೆಗೆದು ಕಳಿಸುತ್ತಿದ್ದರು. ಏಕಾಂತಮ್ಮ ಹಗಲು ತೆಂಗಿನಕಾಯಿ ಮಂಡಿಯ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿರುವ ಅವರ ಅತ್ತೆ ಮುದ್ದಕ್ಕನಿಗೆ ಕಿವಿ ಕೇಳಿಸದು. ಹೀಗಾಗಿ ಉಣ್ಣುವಾಗಲೂ ಮಲಗುವಾಗಲೂ ಮಗುವಿನ ಕೈಯಲ್ಲಿ ಫೋನ್. ಅಪ್ಪನ ವಿಡಿಯೊ ಮುಗಿದರೆ ಕಾರ್ಟೂನ್.

ಎರಡು ವರ್ಷಕ್ಕೆ ಮಾನಸ ನೀರು ಬೇಕಾದರೂ "ಟುರ್ರ್" ಅನ್ನತೊಡಗಿದಳು. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೇನೆ. ಆ ಮಳೆಗಾಲ ಊರಲ್ಲಿದ್ದ ನಿಂಗಪ್ಪನವರಿಗಂತೂ ಹೆಮ್ಮೆ.

"ನೋಡ್ರಿ, ನೆಟ್ಟಗೆ ಓಡಾಕೆ ಬರಲ್ಲ, ಆಗ್ಲೇ ಮಂದೆ ಕರೀತಾಳೆ," ಎಂದು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಮಾಡಿಸಿ ತೋರಿಸುತ್ತಿದ್ದರು.

ಮೂರು ತುಂಬಿದರೂ ಬೇರೆ ಮಾತು ಬರಲಿಲ್ಲ. ಅಂಗನವಾಡಿಯ ತೇಜಸ್ವಿನಿ ಟೀಚರ್ ಎರಡು ಸಲ ಮನೆಗೆ ಬಂದು, ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಲೇಬೇಕೆಂದರು. ಈ ವರ್ಷ ಮಂದೆಯನ್ನು ಅಣ್ಣನ ಕೈಗೆ ಬಿಟ್ಟು ನಿಂಗಪ್ಪ ಊರಲ್ಲೇ ಉಳಿದು, ಹೆಂಡತಿ ಮಗುವಿನೊಂದಿಗೆ ಹೋದರು. ಮಗು ನಿಮ್ಮನ್ನು ಏನೆಂದು ಕರೆಯುತ್ತದೆ ಎಂದು ಡಾಕ್ಟರ್ ಕೇಳಿದಾಗ ನಿಂಗಪ್ಪ ತುಟಿ ಅದುರಿಸಿ ತೋರಿಸಿದರಂತೆ. ಕಿವಿ ಸರಿಯಿದೆ, ಇನ್ನೂ ಪರೀಕ್ಷೆ ಮಾಡಬೇಕು, ಮೊದಲು ಫೋನ್ ನಿಲ್ಲಿಸಿ, ದಿನವಿಡೀ ಯಾರಾದರೂ ಎದುರಿಗೆ ಕೂತು ಮಾತಾಡಿಸಿ ಎಂದು ಹೇಳಿ ಕಳಿಸಿದರು.

"ಯಾರಾದ್ರೂ ಅಂದ್ರೆ ಯಾರ್ರೀ?" ಎಂದು ಏಕಾಂತಮ್ಮ ಬಸ್ಸಿನಲ್ಲೇ ಕೇಳಿದರಂತೆ.

ಒಂಬತ್ತು ದಿನ ನಿಂಗಪ್ಪನೇ ಕೂತರು. ತಮ್ಮ ಎದೆ ಮುಟ್ಟಿಕೊಂಡು "ಅಪ್ಪ, ಅಪ್ಪ" ಎನ್ನುವರು. ಮಗು ಅವರ ಮುಖ ನೋಡದೆ ಜೇಬಿನಲ್ಲಿ ಫೋನ್ ಹುಡುಕುವುದು, ಸಿಗದೆ ಅಳುವುದು.

"ಎಂಬತ್ತು ಕುರಿ ಅವೆ ಅಕ್ಕ. ಯಾವುದು ಯಾಕೆ ಕೂಗ್ತು ಅಂತ ಕಣ್ಮುಚ್ಚಿ ಹೇಳ್ತೀನಿ. ಇವ್ಳಿಗೆ ಏನ್ ಬೇಕು ಅಂತ ಗೊತ್ತಾಗ್ತಿಲ್ಲ," ಎಂದು ನಮ್ಮಮ್ಮನ ಹತ್ತಿರ ಹೇಳಿದರು.

ಹತ್ತನೇ ದಿನ ರಂಗಯ್ಯನ ಕರೆ ಬಂತು. ಕುರಿಗಳು ಈಯುತ್ತಿವೆ, ಒಬ್ಬನಿಂದ ಆಗದು ಎಂದರು. ನಿಂಗಪ್ಪ ಹೋದರು.

ಈಗ ಅವರು ವಿಡಿಯೊ ಕಳಿಸುವುದಿಲ್ಲ. ಕರೆ ಬಂದರೆ ಏಕಾಂತಮ್ಮ, ಮಗುವಿಗೆ ಫೋನ್ ಕಾಣದಿರಲೆಂದು, ನಮ್ಮ ಜಗಲಿಗೆ ಬಂದು ಮಾತಾಡುತ್ತಾರೆ. ಮೊನ್ನೆ ನಿಂಗಪ್ಪ, ಮಾನಸ ಏನಾದರೂ ಅಂದಳೇ ಎಂದು ಕೇಳಿರಬೇಕು.

"ಇಲ್ರಿ. ಫೋನಿಗೆ ಅಳೋದು ಬಿಟ್ಟಾಳೆ. ಕುರಿ ಕರೆಯೋದೂ ಬಿಟ್ಟಾಳೆ. ಅತ್ತೆ ಪಕ್ಕ ಸುಮ್ನೆ ಕುಂತಿರ್ತಾಳೆ."

ಕರೆ ಮುಗಿಸಿ ಏಕಾಂತಮ್ಮ, ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋದರು.