ಗಿರಿಜತ್ತೆಯ ತಲೆನೋವು

ಆ ಬೆಳಿಗ್ಗೆಯೂ ಗಿರಿಜತ್ತೆ ತಣ್ಣೀರು ತುಂಬಿದ ಹಿತ್ತಾಳೆ ಚೊಂಬನ್ನು ಎಡಗಣ್ಣಿನ ಪಕ್ಕದ ಕಣತಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ದೋಸೆ ಮಗುಚುತ್ತಿದ್ದರು. ನಾನು ಹಾಲಿಗೆ ಕಾವಲು ನಿಂತಿದ್ದೆ. ಅತ್ತೆ ಎಂದಿನಂತೆ ತಮ್ಮ ದೋಸೆಯನ್ನು ಕಾಫಿಯಲ್ಲಿ ನೆನೆಸಿ, ಬಲದವಡೆಯಲ್ಲಷ್ಟೇ ಅಗಿದರು. ಎಂದಿನಂತಲ್ಲದ್ದು ಒಂದೇ: ಬಾಗಿಲ ಬಳಿ ಅವರ ತಗಡಿನ ಟ್ರಂಕು. ಅಂದು ಮಂಗಳೂರಿನ ಹಡಗಿಗೆ ಅವರು ಊರಿಗೆ ಹೊರಟಿದ್ದರು.

ನನ್ನ ಯಜಮಾನರನ್ನು ಸಾಕಿದ ಸೋದರತ್ತೆ ಅವರು. ಮುಂಬಯಿಯ ಮಾಟುಂಗದಲ್ಲಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಎರಡು ವರ್ಷ ಇದ್ದರು. ತಿಂಗಳಿಗೆ ಎರಡು ಮೂರು ಸಲ ಅರೆತಲೆನೋವು ಬರುತ್ತಿತ್ತು. ಆಗ ಕಿಟಕಿಗೆ ಸೀರೆ ಇಳಿಬಿಟ್ಟು, ಹಣೆಗೆ ಒದ್ದೆ ಬಟ್ಟೆ ಕಟ್ಟಿ ಮಲಗುತ್ತಿದ್ದರು.

"ಮೊದಲು ಒಸಡು ಊದ್ತದೆ, ಉಗುಳಿದ್ರೆ ರಕ್ತ. ಮಾರನೆ ದಿನ ತಲೆ. ಒಸಡು ಹೇಳಿದ್ದನ್ನು ತಲೆ ಕೇಳ್ತದೆ ಮಾರಾಯ್ತಿ" ಎನ್ನುತ್ತಿದ್ದರು.

ನಾನು ನಗುತ್ತಿದ್ದೆ. "ಹಲ್ಲಿಗೂ ತಲೆಗೂ ಏನತ್ತೆ ಸಂಬಂಧ? ಕಾನ್ವೆಂಟಿನಲ್ಲಿ ಸಿಸ್ಟರ್ ಹಾಗೆಲ್ಲ ಹೇಳಿಕೊಟ್ಟಿಲ್ಲ."

"ನಿನ್ನ ಸಿಸ್ಟರು ವರ್ಷವಿಡೀ ತಲೆಗೆ ಬಟ್ಟೆ ಕಟ್ಟಿದ್ದಾರಲ್ಲ, ಅವರಿಗೆ ನನಗಿಂತ ಜೋರು ತಲೆನೋವು ಇರಬೇಕು!"

ಕೊನೆಗೆ ಒಂದು ದಿನ ಗ್ರಾಂಟ್ ರೋಡಿನ ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಡಾಕ್ಟರಿಗೆ ಕನ್ನಡ ಬಾರದು, ಅತ್ತೆಗೆ ಇಂಗ್ಲಿಷ್ ಬಾರದು. ನಡುವೆ ನಾನು. ಅತ್ತೆ ಸೆರಗು ಸರಿಮಾಡಿಕೊಂಡು, ಒಸಡು ಊದುವುದರಿಂದ ಹಿಡಿದು ಚೊಂಬಿನ ತನಕ ಎಲ್ಲವನ್ನೂ ಹೇಳಿದರು. ಕೈ ಒಮ್ಮೆ ದವಡೆಗೆ, ಒಮ್ಮೆ ಕಣತಕ್ಕೆ. ನನಗೆ ನಾಚಿಕೆಯಾಯಿತು, ಡಾಕ್ಟರು ನಮ್ಮನ್ನು ಹಳ್ಳಿಯವರು ಅಂದುಕೊಂಡಾರು ಎಂದು. "ಒಸಡಿನಲ್ಲಿ ರಕ್ತ ಬರುತ್ತದಂತೆ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

"ಇಷ್ಟು ಹೊತ್ತು ಮಾತಾಡಿದರಲ್ಲ, ಬೇರೆ ಏನಾದರೂ?" ಎಂದರು ಡಾಕ್ಟರು.

"ನಥಿಂಗ್, ಡಾಕ್ಟರ್."

ಅವರು ಬಾಯಿ ಮುಕ್ಕಳಿಸುವ ಔಷಧಿ ಬರೆದು, ಎರಡು ವಾರ ಬಿಟ್ಟು ಬರಲು ಹೇಳಿದರು. ಮೆಟ್ಟಿಲಿಳಿಯುವಾಗ ಅತ್ತೆ ನನ್ನ ತೋಳು ಹಿಡಿದು, "ತಲೆಗೆ ಏನಂದ್ರು?" ಎಂದರು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು."

ಅತ್ತೆ "ಹೌದಾ?" ಎಂದರು, ಅಷ್ಟೇ. ಎರಡು ವಾರದ ಮೇಲೆ ಕರೆದರೆ ಬರಲಿಲ್ಲ. ಒಸಡಿನ ಮಾತನ್ನೂ ಎತ್ತಲಿಲ್ಲ. ನೋವು ಬಂದ ದಿನಗಳಲ್ಲೂ ಮಲಗದೆ, ಚೊಂಬು ಒತ್ತಿಕೊಂಡೇ ಕೆಲಸ ಮಾಡುತ್ತಿದ್ದರು. ಅದನ್ನು ನಾನು ಗುಣವಾಗುತ್ತಿರುವ ಲಕ್ಷಣ ಎಂದುಕೊಂಡೆ.

ಹಡಗಿನ ಧಕ್ಕೆಯಲ್ಲಿ ಕಾಲಿಗೆ ನಮಸ್ಕರಿಸಿದಾಗ ಮೆಲ್ಲಗೆ ಹೇಳಿದರು: "ಓದಿದ ಡಾಕ್ಟ್ರು ಇಲ್ಲ ಅಂದ ಮೇಲೆ ಅದು ನನ್ನ ಭ್ರಮೆಯೇ ಇರಬೇಕು. ಸುಮ್ಮನೆ ನಿನಗೆ ತೊಂದರೆ ಕೊಟ್ಟೆ." ಆಗಲಾದರೂ ನಾನು ನಿಜ ಹೇಳಬಹುದಿತ್ತು. ಹಡಗು ಸೀಟಿ ಊದಿತು. ಅವರು ಮತ್ತೆ ಮುಂಬಯಿಗೆ ಬರಲಿಲ್ಲ. ಕಾಗದ ಬರೆಯಬೇಕು, ಬರೆಯಬೇಕು ಎನ್ನುತ್ತಲೇ ಇದ್ದೆ. ಮುಂದಿನ ಮಳೆಗಾಲಕ್ಕೆ ಅವರೇ ಇರಲಿಲ್ಲ.

ಅವರನ್ನು ಹಡಗು ಹತ್ತಿಸಿ ಬಂದ ಆ ಸಂಜೆ, ಚೊಂಬು ಇಲ್ಲದ ಅಡುಗೆಮನೆಯ ಮೂಲೆಯನ್ನು ನೋಡುತ್ತ ನಿಂತಿದ್ದೆ. ಪಕ್ಕದ ಮನೆಯ ಕಮಲಮ್ಮ, ಮೈಸೂರಿನವರು, ಬಾಗಿಲಲ್ಲಿ ಇಣುಕಿದರು.

"ಹೊರಟ್ರಾ ನಿಮ್ಮತ್ತೆ? ಪಾಪ, ತಲೆಶೂಲೆ ಅಂತ ಒದ್ದಾಡ್ತಿದ್ರು. ನಂಗೂ ಇದೆಯಲ್ಲ, ಆ ಗ್ರಾಂಟ್ ರೋಡ್ ಡಾಕ್ಟ್ರೇ ಒಸಡು ನೋಡಿದ್ರು. 'ಎರಡಕ್ಕೂ ನಂಟು ಇದ್ರೂ ಇರಬಹುದು, ಒಸಡು ವಾಸಿಮಾಡಿ ನೋಡೋಣ' ಅಂದ್ರು. ಬಾಯಿಬಿಟ್ಟು ಹೇಳಿದ್ರೆ ಎಷ್ಟು ಚೆನ್ನಾಗಿ ಕೇಳ್ತಾರೆ ಗೊತ್ತಾ... ಅಂದ ಹಾಗೆ, ಎರಡೆಸಳು ಕರಿಬೇವು ಇದ್ಯೇನ್ರೀ?"