ಹಗೇವಿಗೆ ಇಳಿಸಿದ ದೀಪ

ಆ ಟ್ರ್ಯಾಕ್ಟರಿಗೆ ನಾನು ಸವತಿ ಅಂತಲೇ ಹೆಸರಿಟ್ಟಿದ್ದೆ. ಅಫಜಲಪುರ ಕಡೆಯ ನಮ್ಮೂರಿನ ಗೌಡರು ಸೊಲ್ಲಾಪುರದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದಿದ್ದರು. ಕಬ್ಬಿಣದ ಗಾಲಿ, ಸೀಮೆಎಣ್ಣೆಯ ಹೊಗೆ. ಮುಂದಿನ ಹ್ಯಾಂಡಲ್ ತಿರುವಿದರೆ ನಾಲ್ಕು ಸಲ ಕೆಮ್ಮಿ ಆಮೇಲೆ ಪಕ್ಕದೂರಿಗೂ ಕೇಳುವಂತೆ ಒದರುತ್ತಿತ್ತು. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರಂತೆ, ಹಾಗೆ ಅದನ್ನು ನಡೆಸಲು ಕಲಿತವರು ನನ್ನ ಗಂಡ.

ನಲವತ್ತೇಳರಲ್ಲಿ ಸೊಲ್ಲಾಪುರದ ಕಡೆ ಸ್ವಾತಂತ್ರ್ಯ ಬಂತು. ನಾವು ನಿಜಾಮಶಾಹಿಯಲ್ಲೇ ಉಳಿದೆವು. ನಿಜಾಮನ ಪರವಾಗಿ ಬಂದೂಕು ಹಿಡಿದ ಟೋಳಿಗಳು ಹಳ್ಳಿ ಹಳ್ಳಿ ತಿರುಗತೊಡಗಿದಾಗ ಗೌಡರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿದರು. ಹೋಗುವಾಗ ಟ್ರ್ಯಾಕ್ಟರನ್ನು ಇವರ ಕೈಗೆ ಒಪ್ಪಿಸಿ, ಜೋಪಾನ ಎಂದು ಹೇಳಿದರಂತೆ. ಯಂತ್ರವನ್ನು ಜೋಪಾನ ಮಾಡುವವನನ್ನು ಜೋಪಾನ ಮಾಡುವವರು ಯಾರು ಎಂದು ನಾನು ಕೇಳಿದರೆ ಇವರು ನಕ್ಕುಬಿಟ್ಟರು.

ಮುಂದಿನ ಬೇಸಗೆಯಲ್ಲಿ ಇವರು ಉಳಿದಿದ್ದ ಎಣ್ಣೆಯಲ್ಲೇ ಕರಿಕೆ ಹುಲ್ಲು ಹಬ್ಬಿದ್ದ ಎರೆಹೊಲವನ್ನು ಆಳವಾಗಿ ಹೊಡೆದರು. ಎತ್ತುಗಳಿಗೆ ಬಗ್ಗದ ಬೇರು ಹೆಂಟೆಯ ಸಮೇತ ಮೇಲೆ ಬಂದು ಬಿಸಿಲಿಗೆ ಒಣಗುತ್ತಿತ್ತು. ಆ ಸಪ್ಪಳ ಕೇಳಿದಷ್ಟೂ ಹೊತ್ತು ನಾನು ಊರ ಹಾದಿಯ ಕಡೆಗೇ ನೋಡುತ್ತಿದ್ದೆ. ನನ್ನ ಗಂಡ ಎಲ್ಲಿದ್ದಾನೆ ಎಂದು ಅದು ಲೋಕಕ್ಕೆಲ್ಲ ಸಾರುತ್ತಿತ್ತಲ್ಲ. ಟೋಳಿಯವರು ಗಾಡಿ ಸಿಕ್ಕರೆ ನಡೆಸುವವನನ್ನೂ ಒಯ್ಯುತ್ತಾರೆ ಎಂಬ ಸುದ್ದಿ ಇತ್ತು. ಜೇವರ್ಗಿ ಕಡೆ ಹಾಗೆ ಹೋದ ಲಾರಿಯವನೊಬ್ಬ ಹೊರಳಿ ಬಂದಿರಲಿಲ್ಲ.

ಮುಂಗಾರಿನ ಮಿರಗ ಮಳೆ ಬೀಳುವ ಹೊತ್ತಿಗೆ ಇವರು ಟ್ರ್ಯಾಕ್ಟರನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಬಿಚ್ಚಿದರು. ಅದಿಲ್ಲದೆ ಯಂತ್ರ ಬರೀ ಕಬ್ಬಿಣ. ನನ್ನ ಕಣ್ಣೆದುರಿಗೇ ಅರಿವೆಯ ಗಂಟೊಂದನ್ನು ನಮ್ಮ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕುಣಿಯಲ್ಲಿ, ಹಾಕಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರು. ಜೀವದ ಮೇಲೆ ಬಂದರೆ ಅದು ಹಗೇವಿನಲ್ಲಿದೆ ಎಂದು ಹೇಳಿಬಿಡು, ಮುಚ್ಚಿಡಬೇಡ ಎಂದೂ ಹೇಳಿದರು.

ಶ್ರಾವಣ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಟೋಳಿಯವರು ಬಂದೇಬಿಟ್ಟರು. ಐದಾರು ಜನ. ಇವರಿಂದ ಹ್ಯಾಂಡಲ್ ತಿರುವಿಸಿದರು. ಅದು ಕೆಮ್ಮಲೂ ಇಲ್ಲ. ಅವರಲ್ಲಿ ದಪ್ಪ ಮೀಸೆಯ ಹಿರಿಯನೊಬ್ಬ ಯಂತ್ರದ ಮಗ್ಗುಲು ಬಗ್ಗಿ ನೋಡಿ, ಖಾಲಿ ಜಾಗದ ಮೇಲೆ ಬೆರಳಿಟ್ಟ. ಬಂದೂಕು ಇವರ ಎದೆಗೆ ಬಂತು. ಹಗೇವಿನಲ್ಲಿದೆ ಎಂದು ಹೇಳಿದ್ದು ನನ್ನ ಬಾಯೇ, ಆದರೆ ದನಿ ನನ್ನದೆನಿಸಲಿಲ್ಲ.

ಕಲ್ಲು ಸರಿಸಿದರು. ಹುಳಿ ಹುಳಿ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಈಗಲೇ ಇಳಿ ಎಂದರು ಇವರಿಗೆ. ಮುಚ್ಚಿದ ಹಗೇವಿಗೆ ನಮ್ಮಲ್ಲಿ ಯಾರೂ ಹಾಗೆ ಇಳಿಯುವುದಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವವೇ ಹೋಗುತ್ತದೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇವರು ಧೋತರ ಮೇಲೆ ಕಟ್ಟಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಬಾಯಿ ಬಿಟ್ಟೆ.

"ಮದ್ಲ ದೀಪ ಇಳಸ್ತೇನ್ರಿ. ಆಮ್ಯಾಗ ಬೇಕಾದ್ದು ಮಾಡ್ರಿ."

ಕಳ್ಳಾಟ ಹೂಡಿದ್ದಾಳೆ ಎಂದು ಒಬ್ಬ ಬೈದ. ಮೀಸೆಯವನು ತಡೆಯಲಿಲ್ಲ. ಮನೆಯಲ್ಲಿದ್ದ ಕೊನೆಯ ಗುಟುಕು ಎಣ್ಣೆಯ ಚಿಮಣಿ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದೆ. ಅರ್ಧಕ್ಕೂ ಹೋಗಲಿಲ್ಲ, ಆರಿತು. ಎಳೆದು ಮತ್ತೆ ಹಚ್ಚಿ ಇಳಿಸಿದೆ. ಮತ್ತೆ ಅಲ್ಲೇ ಆರಿತು. ಮೀಸೆಯವನು ಹಗೇವಿನ ಬಾಯಿಗೆ ಬಗ್ಗಿ ಕತ್ತಲೆಯನ್ನು ನೋಡಿದ.

"ನಮ್ಮಣ್ಣ ಹಿಂಗಽ ಹೋದ," ಎಂದ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಬಾಯಿ ತೆರದಿಡ್ರಿ. ನಾಳಿಗಿ ಬರ್ತೇವಿ."

ಅವರ ಧೂಳು ಅಡಗುವಷ್ಟರಲ್ಲಿ ನಾವು ಸೊನ್ನದ ಹಾದಿ ಹಿಡಿದಿದ್ದೆವು. ಗಡಿಯಲ್ಲಿ ತುಂಬಿ ಹರಿಯುತ್ತಿದ್ದ ಭೀಮೆಯನ್ನು ಹರಗೋಲಿನಲ್ಲಿ ದಾಟುವಾಗ ನಾನು ನೀರನ್ನು ನೋಡಲೇ ಇಲ್ಲ, ಬಿಟ್ಟು ಬಂದ ದಂಡೆಯನ್ನೇ ನೋಡುತ್ತಿದ್ದೆ.

ಗಡಿಯಾಚೆಯಿಂದ ಫೌಜು ಬಂದು, ನಿಜಾಮಶಾಹಿ ಮುಗಿದು ಎಲ್ಲ ತಣ್ಣಗಾದ ಮೇಲೆ, ಹಸ್ತ ಮಳೆಯ ಹೊತ್ತಿಗೆ, ಹಿಂಗಾರಿ ಬಿತ್ತಿಗೆಗೆಂದು ಊರಿಗೆ ಬಂದೆವು. ಮನೆಯ ಕದ ಮುರಿದಿತ್ತು, ಹಗೇವು ಬರಿದಾಗಿತ್ತು. ಅದರ ಬಾಯಿಯ ಪಕ್ಕದಲ್ಲಿ ಆ ಅರಿವೆಯ ಗಂಟು ಬಿಚ್ಚಿ ಬಿದ್ದಿತ್ತು. ಒಳಗಿದ್ದದ್ದು ಒಂದು ಕಲ್ಲು.

ಇವರು ನನ್ನ ಕಡೆ ನೋಡದೆ ಹಿತ್ತಲಿಗೆ ಹೋಗಿ, ನಾನೇ ತಟ್ಟಿ ಒಟ್ಟಿದ್ದ ಸಗಣಿ ಕುಳ್ಳಿನ ಬಣವಿಯೊಳಗೆ ಕೈ ಹಾಕಿ ಮ್ಯಾಗ್ನೆಟೋ ತೆಗೆದರು. ಹಗೇವಿಗೆ ಕೂಡಲೇ ಯಾರೂ ಇಳಿಯಲಾರರು, ಒಂದು ದಿನದ ಪುರಸತ್ತು ಸಿಗುತ್ತದೆ ಎಂದೇ ನನ್ನಿಂದ ಆ ಜಾಗ ಹೇಳಿಸಿದ್ದಂತೆ. ನನಗೆ ನಿಜ ತಿಳಿದಿದ್ದರೆ ಮುಖದಲ್ಲೇ ಗೊತ್ತಾಗಿಬಿಡುತ್ತಿತ್ತಂತೆ.

ಗೌಡರ ಮನೆಯಿಂದ ಎಣ್ಣೆ ಬಂತು. ಇವರು ಮ್ಯಾಗ್ನೆಟೋ ಕೂಡಿಸಿ ಹ್ಯಾಂಡಲ್ ಹಾಕುವಾಗ ಕೇಳಿದೆ.

"ಅವ್ರು ದೀಪಕ್ಕ ಒಪ್ಪದಿದ್ರ ಏನ್ ಮಾಡ್ತಿದ್ರಿ?"

"ಇಳೀತಿದ್ನಿ," ಎಂದು ಹ್ಯಾಂಡಲ್ ತಿರುವಿದರು.

ಬರೀ ಒಂದು ಕಲ್ಲಿಗಾಗಿ. ಅಂದು ಬರದ ನಡುಕ ನನಗೆ ಆಗ ಬಂತು. ಬೇವಿನ ಬುಡದಲ್ಲಿ ಕುಸಿದು ಕೂತು, ಬಾಯಿಗೆ ಸೆರಗು ಹಿಡಿಯದೆ ಅತ್ತೆ. ಸವತಿಯ ಸಪ್ಪಳದಲ್ಲಿ ಅದು ಯಾರಿಗೂ ಕೇಳಲಿಲ್ಲ.