ಅಪ್ಪನ ಪೆನ್ನಿಗೊಂದು ಹೊಟ್ಟೆ

ಫೌಂಟನ್ ಪೆನ್ನಿನ ಹೊಟ್ಟೆಯೊಳಗೆ ಏನಿರುತ್ತದೆ, ಹೇಳಿ ನೋಡೋಣ? ಬೆರಳಿಗೆಲ್ಲ ಇಂಕು ಮಾಡಿಕೊಂಡು ಶಾಲೆಗೆ ಹೋದವರು ನಾವು ಎಂದು ಮೊಮ್ಮಕ್ಕಳ ಮುಂದೆ ಜಂಭ ಕೊಚ್ಚುವವರನ್ನೇ ಕೇಳುತ್ತಿದ್ದೇನೆ. ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಡಿ. ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.

ನಾನು ಶಾಲೆಗೆ ಒಯ್ಯುತ್ತಿದ್ದ ಪೆನ್ನಿಗೆ ಇಡೀ ಹೊಟ್ಟೆಯೇ ಟ್ಯಾಂಕು. ತಿರುಗಿಸಿ ಬಿಚ್ಚಿ, ಫಿಲ್ಲರಿನಲ್ಲಿ ಇಂಕು ಬಿಟ್ಟು, ಮುಚ್ಚಿದರಾಯಿತು. ಅಪ್ಪನ ಪೆನ್ನು ಆ ಜಾತಿಯದಲ್ಲ. ಮರೂನ್ ಮೈ, ಸ್ಟೀಲಿನ ಕ್ಯಾಪು. ಕುಣಿಗಲ್ಲಿನಲ್ಲಿ ಸೊಸೈಟಿ ಸೆಕ್ರೆಟರಿಯಾಗಿದ್ದ ಅಪ್ಪನಿಗೆ ಅದನ್ನು ಯಾರೋ ಹೊರದೇಶದಿಂದ ತಂದುಕೊಟ್ಟಿದ್ದರು. ಅಕ್ಕನಿಗಾಗಲಿ ನನಗಾಗಲಿ ಮುಟ್ಟಲು ಬಿಡುತ್ತಿರಲಿಲ್ಲ. ಬೇರೆಯವರು ಬರೆದರೆ ನಿಬ್ಬು ಅವರ ಕೈಗೆ ಒಗ್ಗಿಬಿಡುತ್ತದೆ ಎಂದು ಅಪ್ಪನ ನಂಬಿಕೆ. ಅಪ್ಪ ಹೋದ ಮೇಲೆ ಪೆನ್ನು ಕುಣಿಗಲ್ಲಿನಲ್ಲೇ ಇರುವ ಅಕ್ಕನ ಪಾಲಾಯಿತು. ಅವಳು ಅದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟುಕೊಂಡಳು.

ಮುಟ್ಟಬೇಡ ಎಂದದ್ದನ್ನು ಮುಟ್ಟುವ ಆಸೆ ಈ ವಯಸ್ಸಿಗೂ ಹೋಗಿರಲಿಲ್ಲ. ಹೋದ ವರ್ಷ ಅವಳ ಮನೆಗೆ ಹೋದಾಗ ಕೇಳಿಯೇಬಿಟ್ಟೆ.

“ಆ ಪೆನ್ನು ನಂಗೆ ಕೊಡಕ್ಕ. ಒಂದ್ಸಲನಾದ್ರೂ ಅದ್ರಲ್ಲಿ ಬರೀಬೇಕು.”

“ಅದು ಬರೆಯೋದು ನಿಂತು ಯಾವ ಕಾಲ ಆಯ್ತು. ನೀನೇನ್ ಮಂತ್ರ ಹಾಕ್ತೀಯಾ?”

“ಬರೆಸ್ತೀನಿ.”

“ಬರೆಸಿದ್ರೆ ನೀನೇ ಇಟ್ಕೊ. ಇಲ್ದಿದ್ರೆ ಆಯುಧಪೂಜೆಗೆ ಮುಂಚೆ ತಂದು ಇದ್ದ ಜಾಗದಲ್ಲಿ ಇಡ್ಬೇಕು. ಆಮೇಲೆ ಅದರ ಮಾತೇ ಎತ್ತಂಗಿಲ್ಲ.”

ಒಪ್ಪಿಕೊಂಡು ಪೆನ್ನನ್ನು ಪರ್ಸಿಗೆ ಹಾಕಿಕೊಂಡೆ.

ತುಮಕೂರಿಗೆ ಬಂದು ಬಿಚ್ಚಿ ನೋಡಿದರೆ ಒಳಗೊಂದು ಪುಟ್ಟ ಪ್ಲಾಸ್ಟಿಕ್ ಕೊಳವೆ. ಇಂಕು ತುಂಬಿಕೊಂಡೇ ಬರುವ ರೀಫಿಲ್ಲು ಅದು. ಖಾಲಿಯಾದರೆ ಎಸೆದು ಇನ್ನೊಂದು ಸಿಕ್ಕಿಸಬೇಕು. ಅಪ್ಪ ಎಸೆಯುವ ಪೈಕಿಯಲ್ಲ. ಇಂಜೆಕ್ಷನ್ ಸಿರಿಂಜಿನಲ್ಲಿ ಅದಕ್ಕೇ ಇಂಕು ತುಂಬುತ್ತಾ ಕೂರುತ್ತಿದ್ದದ್ದು ಆಗ ನೆನಪಾಯಿತು. ಈಗ ಅದರ ಬಾಯಿ ಸೀಳಿತ್ತು.

ಅದನ್ನೂ ಪೆನ್ನನ್ನೂ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟೇಷನರಿ ಅಂಗಡಿಗೆ ಹೋದೆ. ಅಂಗಡಿಯವನು ಡಬ್ಬಿಗಳನ್ನು ತೆಗೆದು ಒಂದೊಂದನ್ನೇ ಪೆನ್ನಿಗೆ ಸಿಕ್ಕಿಸಿ ನೋಡಿದ. ಒಂದೂ ಕೂರಲಿಲ್ಲ.

“ಒಂದೊಂದ್ ಕಂಪ್ನಿದು ಒಂದೊಂದ್ ಬಾಯಿ ಅಜ್ಜಿ. ಮನೆಗೆ ಹೊಂದೋ ಸೊಸೆನಾದ್ರೂ ಸಿಗ್ತಾಳೆ, ಇದಕ್ಕೆ ಹೊಂದೋದು ಸಿಗಲ್ಲ.”

“ಸೊಸೆ ಸಿಕ್ಕಿದಾಳಪ್ಪ, ಹೊಂದ್ಕೊಂಡೂ ಇದಾಳೆ. ನೀನು ಪೆನ್ನಿನ ವಿಷ್ಯ ಹೇಳು.”

ಅವನು ಡಬ್ಬಿಗಳನ್ನು ಮತ್ತೆ ಒಳಗೆ ಜೋಡಿಸಿಟ್ಟ.

ನನಗೆ ಫೋನಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿಸಿದ್ದು ಮೊಮ್ಮಗಳು. ಹೊಸದಾಗಿ ಕಲಿತ ಉತ್ಸಾಹದಲ್ಲಿ ನಾನೇ ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಹುಡುಕಿದೆ. ಹೊಸ ವಿದ್ಯೆಯೇ ಸಿಕ್ಕಿತು. ಕನ್ವರ್ಟರ್ ಎಂದು ಒಂದಿದೆಯಂತೆ. ರೀಫಿಲ್ಲಿನ ಜಾಗಕ್ಕೆ ಇದನ್ನು ಸಿಕ್ಕಿಸಿ, ನಿಬ್ಬನ್ನು ಇಂಕಿನ ಬಾಟಲಿಯಲ್ಲಿ ಮುಳುಗಿಸಿ, ಹಿಂದಿನ ತಿರುಪು ತಿರುಗಿಸಿದರೆ ಮಗು ಹಾಲು ಕುಡಿದಂತೆ ಇಂಕು ಎಳೆದುಕೊಳ್ಳುತ್ತದೆ. ಅಪ್ಪನಿಗೆ ಇದು ಗೊತ್ತಿದ್ದರೆ ಸಿರಿಂಜಿನ ಗೋಜೇ ಇರುತ್ತಿರಲಿಲ್ಲ.

ಮೊಮ್ಮಗಳು ಒಂದನ್ನು ತರಿಸಿದಳು. ಬಾಯಿ ಅಗಲ, ದೊಡ್ಡ ಸೈಜಿನ ಬಳೆಯ ಹಾಗೆ ಜಾರಿ ಬಿತ್ತು. ಇನ್ನೊಂದು ಬಂತು. ಬಾಯಿ ಸರಿಯಾಗಿ ಕೂತಿತು, ಉದ್ದ ಜಾಸ್ತಿಯಾಗಿ ಪೆನ್ನೇ ಮುಚ್ಚಲಿಲ್ಲ.

“ಅಜ್ಜಿ, ಇನ್ಮೇಲೆ ಅಳತೆ ಇಲ್ದೆ ನಾನು ತರಿಸಲ್ಲ,” ಎಂದಳು.

ಅವಳು ಹೇಳಿದ್ದೂ ನ್ಯಾಯವೇ. ಉರಿದುಹೋದ ಊದುಬತ್ತಿಯ ಕಡ್ಡಿಯನ್ನು ಪೆನ್ನಿನ ಮೈಯೊಳಗೆ ಬಿಟ್ಟು, ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಮುರಿದೆ. ಕಡ್ಡಿ ಮತ್ತು ಸೀಳಿದ ಕೊಳವೆ, ಎರಡನ್ನೂ ಪೆನ್ನಿನ ಜೊತೆ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ.

ನಾಮಕರಣವೊಂದಕ್ಕೆ ಗುಬ್ಬಿಗೆ ಹೋದವಳು, ಊಟ ಮುಗಿಸಿ ಎಲೆ ಅಡಿಕೆ ಜಗಿಯುತ್ತಾ ಅಲ್ಲಿನ ಹಳೆಯ ಪುಸ್ತಕದ ಅಂಗಡಿಯೊಂದಕ್ಕೆ ನುಗ್ಗಿದೆ. ಕಡ್ಡಿ, ಕೊಳವೆ ಎರಡನ್ನೂ ಗಾಜಿನ ಮೇಲೆ ಇಟ್ಟೆ.

“ಇದೇನ್ ಶಾಸ್ತ್ರ ಹೇಳೋಕೆ ಬಂದ್ರಾ?” ಎಂದರು ಅಂಗಡಿಯವರು.

“ಹೊಟ್ಟೆ ಹುಡುಕ್ಕೊಂಡು ಬಂದಿದೀನಿ, ನನ್ ಪೆನ್ನಿಗೆ.”

ಅವರು ನಗುತ್ತಾ ಕೆಳಗಿನ ಖಾನೆಯಿಂದ ಧೂಳು ಹಿಡಿದ ಡಬ್ಬಿ ತೆಗೆದರು. ಅದರಲ್ಲಿ ಗಿಡ್ಡ ಕನ್ವರ್ಟರುಗಳಿದ್ದವು. ತಿರುಪಿಲ್ಲ, ಸಿರಿಂಜಿನಂತೆ ಎಳೆಯುವ ಕಡ್ಡಿ. ಊದುಬತ್ತಿ ಕಡ್ಡಿಗೆ ಹಿಡಿದು ನೋಡಿದೆ, ಒಂದು ಅಕ್ಕಿಕಾಳಿನಷ್ಟು ಗಿಡ್ಡ. ಪೆನ್ನಿಗೆ ಒತ್ತಿದೆ, ಟಕ್ ಎಂದು ಕೂತಿತು. ಪೆನ್ನು ಪೂರ್ತಿ ಮುಚ್ಚಿಕೊಂಡಿತು. ಟ್ರೇನಿನಲ್ಲಿ ಗುಬ್ಬಿಯಿಂದ ತುಮಕೂರಿನವರೆಗೂ ಬಿಚ್ಚುವುದು, ಮುಚ್ಚುವುದು ಇದೇ ನನ್ನ ಕೆಲಸ.

ಮನೆಗೆ ಬಂದು ನೀಲಿ ಇಂಕಿನಲ್ಲಿ ಮುಳುಗಿಸಿ ಕಡ್ಡಿ ಎಳೆದೆ. ಒಂದು ಹನಿಯೂ ಏರಲಿಲ್ಲ.

ಅದೇ ಸಂಜೆ ಅಕ್ಕನ ಫೋನು. “ಏನ್ಲೇ, ಬರೀತಾ?”

“ಬರೀತದೆ, ಆತುರ ಯಾಕೆ?”

“ನವರಾತ್ರಿ ಶುರುವಾಯ್ತು, ಅದಕ್ಕೆ ಕೇಳ್ದೆ.”

ನಾನು ಕೂತು ಯೋಚಿಸಿದೆ. ಹೊಟ್ಟೆ ಹೊಸದು, ಇಂಕು ಹೊಸದು. ಹಾಗಾದರೆ ಕಟ್ಟಿಕೊಂಡಿರುವುದು ಗಂಟಲು. ಲೋಟದಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ನಿಬ್ಬಿನ ಭಾಗವನ್ನು ಮುಳುಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಕೆಂಪಗಾಗಿತ್ತು.

“ಮುತ್ತಾತ ಕೆಂಪು ಇಂಕಲ್ಲಿ ಬರೀತಿದ್ರಾ ಅಜ್ಜಿ?” ಎಂದಳು ಮೊಮ್ಮಗಳು.

ಅಪ್ಪ ಜನ್ಮದಲ್ಲಿ ಕೆಂಪು ಇಂಕು ಮುಟ್ಟಿದವರಲ್ಲ. ಲೋಟ ಎತ್ತಿ ಮೂಸಿದೆ. ಗಂಧದ ವಾಸನೆ. ಮೆತ್ತನೆಯ ಬ್ರಷ್ಷಿನಲ್ಲಿ ನಿಬ್ಬಿನ ಕೆಳಗಿನ ಕಪ್ಪು ಪಟ್ಟಿಯನ್ನು ಉಜ್ಜಿದರೆ ಅದರ ಸಣ್ಣ ಗೆರೆಗಳಿಂದ ಕುಂಕುಮ, ಅರಿಶಿನ, ಒಣಗಿದ ಗಂಧ ಪುಡಿಪುಡಿಯಾಗಿ ಉದುರಿತು. ಆಯುಧಪೂಜೆ ಬಂದಾಗಲೆಲ್ಲ ಅಕ್ಕ ಕ್ಯಾಪು ತೆಗೆದು ನೇರ ನಿಬ್ಬಿಗೇ ಬೊಟ್ಟು ಇಟ್ಟಿದ್ದಾಳೆ. ನಾನು ಊರೂರು ಸುತ್ತಿ ಹೊಟ್ಟೆ ಹುಡುಕಿದ್ದೆ, ಪೆನ್ನಿನ ಗಂಟಲಲ್ಲಿ ಅಷ್ಟು ವರ್ಷದ ಪೂಜೆ ಕೂತಿತ್ತು.

ನೀರು ತಿಳಿಯಾಗುವವರೆಗೂ ತೊಳೆದು ಮತ್ತೆ ಕಡ್ಡಿ ಎಳೆದೆ. ಕೊಳವೆಯಲ್ಲಿ ನೀಲಿ ಏರುವುದು ಕಂಡಿತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಕೊರೆಯಿತು. ಪೆನ್ನನ್ನು ಸ್ವಲ್ಪ ಎಡಕ್ಕೆ ವಾಲಿಸಿದೆ, ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಅಪ್ಪ ಹಾಗೆಯೇ ವಾಲಿಸಿ ಬರೆಯುತ್ತಿದ್ದರು. ನಿಬ್ಬು ಕೈಗೆ ಒಗ್ಗುತ್ತದೆ ಎಂದದ್ದು ಸುಳ್ಳಾಗಿರಲಿಲ್ಲ.

ಹಬ್ಬದ ಹಿಂದಿನ ದಿನ ಅಕ್ಕ ಬಂದಳು. ಪೆನ್ನು ಸುತ್ತಿಕೊಂಡು ಹೋಗಲು ಒಗೆದ ಬಿಳಿ ಬಟ್ಟೆಯನ್ನೂ ತಂದಿದ್ದಳು. ನಾನು ಕಾಗದ ಮುಂದಿಟ್ಟೆ.

“ಕೊರೀತದೆ ಕಣೇ ಇದು. ಇದನ್ನ ಬರೆಯೋದು ಅಂತಾರಾ?”

“ಎಡಕ್ಕೆ ವಾಲ್ಸು. ಅಪ್ಪ ಹಿಡೀತಿದ್ದಂಗೆ ಹಿಡಿ.”

ಅವಳು ವಾಲಿಸಿದಳು. ಶ್ರೀ ಬರೆದಳು. ಕೆಳಗೆ ತನ್ನ ಹೆಸರು, ಅದರ ಕೆಳಗೆ ನನ್ನ ಹೆಸರು. ಆಮೇಲೆ ಕ್ಯಾಪು ಹಾಕಿ, ಪೆನ್ನನ್ನು ಸ್ವಲ್ಪ ಹೊತ್ತು ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಳು.

“ತಗೋ. ಮಾತು ಅಂದ್ರೆ ಮಾತು,” ಎಂದು ನನ್ನ ಕೈಗಿಟ್ಟಳು.

ಗೆದ್ದವಳು ಸುಮ್ಮನಿರಬಹುದಿತ್ತು. ಲೋಟದ ಕೆಂಪು ನೀರಿನ ಕಥೆಯನ್ನೆಲ್ಲ ಹೇಳಿ, “ನಿನ್ ಕುಂಕುಮಕ್ಕೆ ಹೆದರಿ ಪಾಪ ಬಾಯೇ ಮುಚ್ಕೊಂಡ್ಬಿಟ್ಟಿತ್ತು ಕಣಕ್ಕ,” ಎಂದೆ.

ಅಕ್ಕ ಬಿಳಿ ಬಟ್ಟೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಾ ಅಂದಳು: “ಹಂಗೆ ಮುಚ್ಕೊಳ್ತದೆ ಅಂತ ಮೊದ್ಲೇ ಗೊತ್ತಿದ್ದಿದ್ರೆ, ವರ್ಷ ವರ್ಷ ನಿನ್ ನಾಲಿಗೆಗೂ ಒಂದ್ ಬೊಟ್ಟು ಇಡ್ತಿದ್ದೆ ಕಣೇ.”